ಹಲಗೆಯ ಮೇಲಿನ ಮಾವಿನ ಪೆರಿಸಾ

ಮಾವಿನ ಕಾಲ ಮುಗಿದು ಮೂರು ತಿಂಗಳಾಗಿದ್ದರೂ ಬುಕಿತ್ ನೆರಿಂಗ್ ಹಳ್ಳಿಯಲ್ಲಿ ಮಾವಿನ ಹಣ್ಣಿನ ವಾಸನೆ ಹೋಗಿರಲಿಲ್ಲ. ಬಸ್ಸು ನಿಲ್ಲುವ ಕಡೆ ಮಾವು, ಕಾಫಿ ಅಂಗಡಿಯ ಹಿಂದೆ ಸ್ಟ್ರಾಬೆರಿ, ಶಾಲೆಯ ಶೌಚಾಲಯದಲ್ಲಿ ದ್ರಾಕ್ಷಿ. ಹಣ್ಣು ಮಾತ್ರ ಎಲ್ಲೂ ಇಲ್ಲ. ಎಲ್ಲ ವೇಪ್ ಮಹಿಮೆ. ಬೆರಳುದ್ದದ ಯಂತ್ರವನ್ನು ಬಾಯಿಗಿಟ್ಟು ಎಳೆದರೆ ಬಿಳಿ ಹೊಗೆ, ಅದರ ಬೆನ್ನಿಗೇ ಮಿಠಾಯಿ ವಾಸನೆ. ಸಿಗರೇಟಿನ ನಾತಕ್ಕಿಂತ ಇದೇ ವಾಸಿ ಎಂದುಕೊಂಡು ಹಳ್ಳಿಯವರು ಸುಮ್ಮನಿದ್ದರು.

ಸೆನಾಹ್ ಕೂಡ ಸುಮ್ಮನಿದ್ದವಳೇ. ಅಕ್ಕಿಹಿಟ್ಟು, ತೆಂಗಿನ ಹಾಲು, ಸಕ್ಕರೆ ಹಾಕಿ ಕುಯಿ ಎಂಬ ಬಗೆಬಗೆಯ ಸಿಹಿತಿಂಡಿ ಮಾಡಿ ಮಾರುವುದು ಅವಳ ಕಸುಬು. ಅವಳ ಅಡುಗೆಮನೆಯ ಕಿಟಕಿ ಪಕ್ಕ ಒಂದು ಹಲಗೆ, ಅದರ ಮೇಲೆ ಸಾಲಾಗಿ ಪುಟ್ಟ ಪುಟ್ಟ ಬಾಟಲಿಗಳು: ಘಮಘಮಿಸುವ ಪಾಂಡನ್ ಎಲೆಯದು, ಗುಲಾಬಿಯದು, ಬಾಳೆಹಣ್ಣಿನದು, ಮಾವಿನದು. ತಿಂಡಿಗೆ ಹಾಕುವ ಈ ಎಸೆನ್ಸಿಗೆ ನಾವು ಪೆರಿಸಾ ಎನ್ನುತ್ತೇವೆ. ವೇಪ್ ಅಂಗಡಿಯವರೂ ತಮ್ಮ ದ್ರವಕ್ಕೆ ಅದೇ ಹೆಸರು ಇಟ್ಟುಕೊಂಡಿದ್ದಾರೆ. ‘ಯಾವ ಪೆರಿಸಾ ಕೊಡಲಿ?’ ಎಂದು ಅವರು ಗಿರಾಕಿಯನ್ನು ಕೇಳುವುದಕ್ಕೂ ಸೆನಾಹ್ ಕೇಳುವುದಕ್ಕೂ ಒಂದಕ್ಷರ ವ್ಯತ್ಯಾಸವಿಲ್ಲ. ಆಮೇಲೆ ಆದ ಎಡವಟ್ಟಿಗೆಲ್ಲ ಈ ಒಂದು ಮಾತೇ ಮೂಲ.

ಅವಳ ಗಂಡ ಮಜ್ಲಾನ್ ಸಿಮೆಂಟ್ ಲಾರಿ ಓಡಿಸುತ್ತಾನೆ. ಹದಿನೆಂಟು ವರ್ಷ ಸಿಗರೇಟು ಸೇದಿ, ಎರಡು ವರ್ಷದ ಹಿಂದೆ ಅದನ್ನು ಬಿಟ್ಟು ವೇಪ್ ಹಿಡಿದವನು. ಲಾರಿಯ ಬಿಸಿಲಿಗೆ ದ್ರವ ಕಪ್ಪಾಗುತ್ತದೆ ಎಂದು ಬಾಟಲಿಯನ್ನು ಹೆಂಡತಿಯ ಹಲಗೆಯ ಮೇಲೆಯೇ ಇಡುತ್ತಿದ್ದ. ಅದರ ಅಳತೆಯೂ ಅವಳ ಬಾಟಲಿಗಳಷ್ಟೇ, ಮುಚ್ಚಳವೂ ಹಾಗೇ, ಮೇಲೆ ಮಾವಿನ ಚಿತ್ರ. ಎಣ್ಣೆ ಕೈ ತಾಗಿ ತಾಗಿ ಕೆಳಗಿನ ಸಣ್ಣ ಅಕ್ಷರ ಅಳಿಸಿ ಹೋಗಿತ್ತು.

ಒಂದು ಬುಧವಾರ ಸಂಜೆ ಹಳ್ಳಿ ಚಿಕಿತ್ಸಾಲಯದ ನರ್ಸು ಸಲ್ಬಿಯಾ ಕಾಗದ ಹಿಡಿದು ಮನೆಗೆ ಬಂದಳು. ನರ್ಸನ್ನು ನಮ್ಮಲ್ಲಿ ಮಿಸಿ ಎಂದೇ ಕರೆಯುವುದು; ಅಣ್ಣನಂಥವರನ್ನೂ ಗಂಡನನ್ನೂ ಬಾಂಗ್ ಎಂದು, ಅಕ್ಕನಂಥವರನ್ನು ಕಾಕ್ ಎಂದು. ಶಾಲೆಯ ಸುತ್ತಮುತ್ತಲ ಅಂಗಡಿಗಳಲ್ಲಿ ಹಣ್ಣಿನ, ಮಿಠಾಯಿಯ ವಾಸನೆಯ ವೇಪ್ ಮಾರಬಾರದು ಎಂದು ಹಳ್ಳಿ ಸಮಿತಿ ಮನವಿ ಬರೆದಿತ್ತು. ಮನೆಮನೆಗೆ ಹೋಗಿ ಸಹಿ ಕೇಳುವ ಕೆಲಸ ಅವಳ ಪಾಲಿಗೆ ಬಂದಿತ್ತು.

“ನಾನು ಸಹಿ ಹಾಕಲ್ಲ ಮಿಸಿ,” ಎಂದ ಮಜ್ಲಾನ್. “ಅದು ಬರೀ ಹಬೆ. ಅನ್ನದ ಪಾತ್ರೆ ಮುಚ್ಚಳ ತೆಗೆದ್ರೆ ಬರಲ್ವಾ, ಅಂಥದ್ದೇ.”

“ಅನ್ನದ ಹಬೇಲಿ ನಿಕೋಟಿನ್ ಇರಲ್ಲ ಬಾಂಗ್ ಮಜ್ಲಾನ್.”

“ಪೆರಿಸಾ ಅಂದ್ರೆ ತಿನ್ನೋ ಪೆರಿಸಾನೇ. ಅಂಗಡಿಯವನೇ ಹೇಳಿದ್ದಾನೆ, ಕುಯಿಗೆ ಹಾಕೋದನ್ನೇ ಇದಕ್ಕೂ ಹಾಕೋದು ಅಂತ. ನಮ್ಮನೇಲಿ ಇಪ್ಪತ್ತೆರಡು ವರ್ಷದಿಂದ ತಿಂತಿದೀವಿ, ಏನಾಗಿದೆ? ನೋಡಿ, ಗುಂಡುಕಲ್ಲಿನ ಹಾಗಿದೀನಿ.”

ಸೆನಾಹ್ ಗಂಡನ ಪರ ನಿಂತಳು. “ಅವರ ಬೆಳಗಿನ ಕೆಮ್ಮು ನಿಂತಿದೆ ಮಿಸಿ. ಅದಕ್ಕಿಂತ ಇನ್ನೇನು ಬೇಕು?”

“ಕೆಮ್ಮು ನಿಂತಿದ್ದು ಒಳ್ಳೇದೇ ಕಾಕ್ ಸೆನಾಹ್. ಆದ್ರೆ ಈ ಕಾಗದ ಬಾಂಗ್‌ಗೋಸ್ಕರ ಬರೆದದ್ದಲ್ಲ. ಶಾಲೆ ಮಕ್ಕಳಿಗೋಸ್ಕರ,” ಎಂದಳು ಸಲ್ಬಿಯಾ.

“ನಮ್ಮ ಹುಡುಗಿ ಅಂಥವಳಲ್ಲ ಬಿಡಿ,” ಎಂದು ಸೆನಾಹ್ ನಕ್ಕಳು. ಹದಿನೈದು ವರ್ಷದ ಮಗಳು ಸುಹೈಲಾ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಈ ಮಾತು ಬಂದದ್ದೇ ಒಳಗೆ ಹೋದಳು. ಮಿಸಿ ಕಾಗದ ಮಡಚಿಕೊಂಡು ಪಕ್ಕದ ಮನೆಗೆ ನಡೆದಳು.

ಶನಿವಾರ ಹಳ್ಳಿಯ ಶಿಶುವಿಹಾರದಲ್ಲಿ ಮಕ್ಕಳ ಆಟೋಟ. ನಲವತ್ತು ಮಕ್ಕಳಿಗೆ ಮಾವಿನ ಅಗರ್-ಅಗರ್ ಮಾಡಿಕೊಡಲು ಸೆನಾಹ್ ಒಪ್ಪಿಕೊಂಡಿದ್ದಳು. ಚೈನಾ ಗ್ರಾಸ್ ಕುದಿಸಿ, ಸಕ್ಕರೆ ಹಾಕಿ, ತಟ್ಟೆಗೆ ಸುರಿದು ಹೆಪ್ಪುಗಟ್ಟಿಸುವ ತಂಪು ತಿಂಡಿ ಅದು. ಮಕ್ಕಳಿಗೆ ಪ್ರಾಣ. ಮಜ್ಲಾನ್ ಬೆಳಗಿನ ನಮಾಜು ಮುಗಿಸಿ ಲಾರಿ ಹತ್ತಿ ಹೋದ ಮೇಲೆ ಅವಳು ದೊಡ್ಡ ಪಾತ್ರೆ ಒಲೆಗೇರಿಸಿದಳು. ಕುದಿ ಬಂತು, ಸಕ್ಕರೆ ಕರಗಿತು, ಒಲೆ ಆರಿಸಿದಳು. ಹಲಗೆಗೆ ಕೈ ಹಾಕಿ ಮಾವಿನ ಪೆರಿಸಾ ತೆಗೆದರೆ ಬಾಟಲಿ ಖಾಲಿ.

ಅಂಗಡಿ ತೆರೆಯುವುದು ಒಂಬತ್ತಕ್ಕೆ. ಅಷ್ಟರಲ್ಲಿ ಪಾತ್ರೆಯಲ್ಲೇ ಹೆಪ್ಪುಗಟ್ಟಿ ಹೋಗುತ್ತದೆ. ಪಕ್ಕದಲ್ಲೇ ಗಂಡನ ಬಾಟಲಿ ನಿಂತಿತ್ತು. ಸೆನಾಹ್ ಒಂದು ಗಳಿಗೆ ಯೋಚಿಸಿದಳು. ಯೋಚಿಸದೆ ಮಾಡಿದಳು ಎಂದು ಯಾರೂ ಅವಳನ್ನು ಬಯ್ಯಬಾರದು. ತಿನ್ನುವ ಪೆರಿಸಾನೇ ಎಂದು ಇವರೇ ಹೇಳಿದ್ದಾರೆ. ದಿನವೂ ಎದೆಗೆ ಎಳೆದುಕೊಂಡರೆ ಏನೂ ಆಗದ್ದು ಹೊಟ್ಟೆಗೆ ಹೋದರೆ ಏನಾದೀತು? ಲೆಕ್ಕ ಸರಿಯಾಗಿಯೇ ಕಂಡಿತು.

ಅವಳಿಗೊಂದು ಹಳೆಯ ರೂಢಿ. ಯಾವ ಪೆರಿಸಾವನ್ನೂ ನೇರ ಪಾತ್ರೆಗೆ ಹಾಕುವವಳಲ್ಲ. ಮೊದಲು ಎಡ ಅಂಗೈ ಮೇಲೆ ನಾಲ್ಕು ಹನಿ ಬಿಟ್ಟು ನೆಕ್ಕಿ, ರುಚಿ ಹದ ನೋಡಿಯೇ ಹಾಕುವುದು. ಹಾಗೇ ನೆಕ್ಕಿದಳು. ಸಿಹಿಯಿತ್ತು, ಹಿಂದೆಯೇ ಗಂಟಲಲ್ಲಿ ಕಾಳುಮೆಣಸಿನ ಉರಿ. ಪೇಟೆಯ ಮಾಲು, ಗಾಟಿರಬೇಕು ಎಂದುಕೊಂಡು ಎರಡು ಚಮಚ ಸುರಿದು ಕಲಕಿದಳು. ಮೂರು ತಟ್ಟೆಗೆ ಹುಯ್ದಳು. ಎಂಟೂವರೆಗೆ ಶಿಶುವಿಹಾರದ ಟೀಚರ್ ರೊಹಾನಿ ಸ್ಕೂಟರಿನಲ್ಲಿ ಬಂದು, ಅಷ್ಟರಲ್ಲಿ ಹೆಪ್ಪುಗಟ್ಟಿದ್ದ ಒಂದು ತಟ್ಟೆಯನ್ನು ಮೊದಲು ಒಯ್ದಳು. ಉಳಿದ ಎರಡನ್ನು ಆಮೇಲೆ ಸೆನಾಹ್ ತರುವುದೆಂದು ಮಾತಾಯಿತು.

ಸ್ಕೂಟರ್ ಹೋಗುವ ಮೊದಲೇ ಅವಳಿಗೆ ತಲೆ ತಿರುಗಲು ಶುರುವಾಗಿತ್ತು. ಬಾಯಿ ತುಂಬ ನೀರು, ಹಣೆಯ ಮೇಲೆ ತಣ್ಣನೆ ಬೆವರು, ಎದೆ ಡವಡವ. ಬೆಳಗಿನ ತಂಗಾಳಿಯಲ್ಲಿ ಮೈಗೆ ಗಾಳಿ ಹೊಕ್ಕಿದೆ ಎಂದುಕೊಂಡು ಹೊಟ್ಟೆಗೆ, ಹಣೆಗೆ ಗಾಳಿ ಬಿಡಿಸುವ ಔಷಧಿ ಎಣ್ಣೆ ತಿಕ್ಕಿಕೊಂಡಳು. ನಮ್ಮ ಹೆಂಗಸರಿಗೆ ಯಾವ ಕಾಯಿಲೆ ಬಂದರೂ ಮೊದಲು ಬೈಸಿಕೊಳ್ಳುವುದು ಗಾಳಿಯೇ. ತಿಕ್ಕುತ್ತಿರುವಾಗಲೇ ವಾಂತಿಯಾಯಿತು. ಸದ್ದಿಗೆ ಸುಹೈಲಾ ಎದ್ದು ಬಂದಳು.

“ಏನಾಯ್ತು ಮಾಕ್?” ಎಂದು ಅಮ್ಮನನ್ನು ಕೇಳಿದಳು.

“ಗಾಳಿ ಹೊಕ್ಕಿದೆ ಅಷ್ಟೇ. ಆ ಅಗರ್-ಅಗರ್ ಕತ್ತರಿಸಿಡು, ಹೊತ್ತಾಯ್ತು.”

ಮಗಳು ಚಾಕು ತೆಗೆದುಕೊಳ್ಳಲು ಒಲೆಯ ಹತ್ತಿರ ಹೋದಳು. ಮುಚ್ಚಳ ತೆರೆದ ಬಾಟಲಿ ಅಲ್ಲೇ ಇತ್ತು. ಅವಳು ಅದನ್ನು ನೋಡಿದಳು, ತಟ್ಟೆಗಳನ್ನು ನೋಡಿದಳು, ಅಮ್ಮನ ಬಿಳಿಚಿದ ಮುಖವನ್ನು ನೋಡಿದಳು.

“ಮಾಕ್, ಇದಕ್ಕೆ ಯಾವ ಪೆರಿಸಾ ಹಾಕಿದೆ?”

“ಮಾವಿಂದು. ನಿಮ್ಮಪ್ಪಂದು.”

“ಅದು ಐವತ್ತರದ್ದು ಮಾಕ್. ತಿನ್ನೋದಲ್ಲ ಅದು. ಎಂಎಲ್‌ಗೆ ಐವತ್ತು ಮಿಲಿಗ್ರಾಂ ನಿಕೋಟಿನ್,” ಎಂದಳು ಸುಹೈಲಾ. ತಟ್ಟೆ ಎಣಿಸಿದಳು, ಎರಡೇ ಇದ್ದವು. “ಇನ್ನೊಂದು ತಟ್ಟೆ ಎಲ್ಲಿ?”

ಸೆನಾಹ್‌ಗೆ ಆಗ ಅರ್ಥವಾಯಿತು. ಎದ್ದು ನಿಲ್ಲಲು ಹೋಗಿ ಗೋಡೆ ಹಿಡಿದು ಕುಸಿದಳು. “ನನ್ನ ಬಿಡು. ಓಡು. ಮಕ್ಕಳು ತಿಂತಾರೆ,” ಎಂದಳು. ಮಗಳು ಫೋನು ಮಾಡಿದರೆ ಟೀಚರ್ ಎತ್ತಲಿಲ್ಲ, ಆಟದ ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ. ಸುಹೈಲಾ ಮಿಸಿಗೆ ಫೋನು ಮಾಡಿ ಎರಡೇ ಮಾತು ಹೇಳಿ, ಸೈಕಲ್ ಹತ್ತಿ ಬರಿಗಾಲಲ್ಲೇ ಹೋದಳು.

ಅವಳು ಹೋಗಿ ಮುಟ್ಟಿದಾಗ ತಟ್ಟೆಯನ್ನು ಕತ್ತರಿಸಿ ಮೇಜಿನ ಮೇಲೆ ಇಟ್ಟಿದ್ದರು. ಮಕ್ಕಳು ಸಾಲಾಗಿ ಕೂತಿದ್ದರು. ಗೋಣಿಚೀಲದ ಓಟದಲ್ಲಿ ಮೊದಲು ಬಂದಳೆಂದು ನಾಲ್ಕು ವರ್ಷದ ಇಮಾನ್‌ಗೆ ಮೊದಲ ತುಂಡು ಕೊಟ್ಟಾಗಿತ್ತು. ಸುಹೈಲಾ ಮೇಜಿಗೇ ಡಿಕ್ಕಿ ಹೊಡೆದ ಹಾಗೆ ಬಂದು ತಟ್ಟೆ ಕಸಿದುಕೊಂಡಳು. ಇಮಾನ್ ಅರ್ಧ ತಿಂದು, “ಖಾರ” ಎಂದು ಉಳಿದದ್ದನ್ನು ಉಗಿದಿದ್ದಳು. ಕಾಲು ಗಂಟೆಯಲ್ಲಿ ಆ ಮಗು ವಾಂತಿ ಮಾಡಿಕೊಂಡಿತು.

ಸೆನಾಹ್‌ಳನ್ನೂ ಇಮಾನ್‌ಳನ್ನೂ ಒಂದೇ ಗಾಡಿಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಒಯ್ದರು. ಸಲ್ಬಿಯಾ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೊತೆಗೆ ತೆಗೆದುಕೊಂಡು ಹೋದಳು. ಗಾಡಿಯಲ್ಲಿ ಮಗುವಿನ ತಾಯಿ ಒಂದು ಮಾತೂ ಆಡಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಎಂದು ಸೆನಾಹ್‌ಗೆ ಅನಿಸಿತು. ತನ್ನ ಕೈ ತಿಂಡಿ ತಿಂದ ಮಗು ಎದುರಿಗೆ ಸೊಪ್ಪಾಗಿ ಮಲಗಿರುವುದನ್ನು ನೋಡುತ್ತಾ ಅವಳು ಇಡೀ ದಾರಿ ಅತ್ತಳು. ಡಾಕ್ಟರು ಇಬ್ಬರನ್ನೂ ಸಂಜೆಯವರೆಗೆ ಇಟ್ಟುಕೊಂಡು, ಎದೆಬಡಿತ ನೋಡುತ್ತಾ ಇದ್ದು, ಅಪಾಯವಿಲ್ಲ ಎಂದು ಖಚಿತವಾದ ಮೇಲೆ ಕಳಿಸಿದರು. ಪೂರ್ತಿ ತುಂಡು ತಿಂದಿದ್ದರೆ, ಇನ್ನೂ ನಾಲ್ಕು ಮಕ್ಕಳು ತಿಂದಿದ್ದರೆ, ಮಾತು ಬೇರೆಯೇ ಇರುತ್ತಿತ್ತು ಎಂದೂ ಹೇಳಿದರು.

ಮಾರನೆಯ ದಿನ ಮಧ್ಯಾಹ್ನ ಸಲ್ಬಿಯಾ ಮನೆಗೆ ಬಂದಳು. ಮಜ್ಲಾನ್ ಹೊರ ಜಗಲಿಯಲ್ಲಿ ಕೂತಿದ್ದ. ಜೇಬಲ್ಲಿ ವೇಪ್ ಇತ್ತು, ಕೈ ಅಲ್ಲಿಗೆ ಹೋಗಿ ಹೋಗಿ ವಾಪಸ್ ಬರುತ್ತಿತ್ತು.

“ತಪ್ಪು ನಂದೇ ಮಿಸಿ. ಬಾಟಲಿ ಅಲ್ಲಿಡಬಾರದಿತ್ತು. ಇನ್ಮೇಲೆ ಬೀಗ ಹಾಕಿಡ್ತೀನಿ. ಆದ್ರೆ ಇದು ನುಂಗಿದ್ದರಿಂದ ಆದ ತೊಂದರೆ ತಾನೇ? ಎಳೆಯೋದಕ್ಕೂ ಇದಕ್ಕೂ ಏನು ಸಂಬಂಧ?”

“ಇದೆ ಬಾಂಗ್. ಕಾಕ್ ಸೆನಾಹ್ ಮಾಡಿದ ತಪ್ಪನ್ನೇ ಉಲ್ಟಾ ಮಾಡಿ ನೀವು ದಿನಾ ಮಾಡ್ತಿದೀರಿ,” ಎಂದಳು ಸಲ್ಬಿಯಾ. “ಎದೆಗೆ ಆಗೋದು ಹೊಟ್ಟೆಗೂ ಆಗುತ್ತೆ ಅಂತ ಅವರು ಅಂದ್ಕೊಂಡ್ರು. ಹೊಟ್ಟೆಗೆ ಆಗೋದು ಎದೆಗೂ ಆಗುತ್ತೆ ಅಂತ ನೀವು ಅಂದ್ಕೊಂಡಿದೀರಿ. ಕುಯಿ ಪೆರಿಸಾನ ಹೊಟ್ಟೆ ಅರಗಿಸಿಕೊಳ್ಳುತ್ತೆ. ಶ್ವಾಸಕೋಶಕ್ಕೆ ಅರಗಿಸೋಕೆ ಬರಲ್ಲ. ಅಲ್ಲಿಗೆ ಹೋಗಬೇಕಾದ್ದು ಗಾಳಿ ಒಂದೇ.”

“ಹಬೆ ತಾನೇ ಹೋಗೋದು?”

“ನೀರಿನ ಹಬೆ ಅಲ್ಲ ಅದು. ದ್ರವ ಕಾದಾಗ ಕಣ್ಣಿಗೆ ಕಾಣದ ಹನಿಗಳಾಗುತ್ತೆ. ಅದರಲ್ಲಿ ನಿಕೋಟಿನ್ ಇರುತ್ತೆ, ಬಿಸಿಯಿಂದ ಹುಟ್ಟಿದ ರಾಸಾಯನಿಕ ಇರುತ್ತೆ, ಒಳಗಿನ ತಂತಿ ಕಾದು ಬಿಟ್ಟ ಲೋಹದ ಅಂಶಾನೂ ಇರಬಹುದು. ಸಿಗರೇಟು ಹೊಗೇಲಿ ಇನ್ನೂ ಜಾಸ್ತಿ ವಿಷ ಇದೆ, ಅದನ್ನ ನಾನು ಇಲ್ಲ ಅನ್ನಲ್ಲ. ಸಿಗರೇಟು ಪೂರ್ತಿ ಬಿಟ್ಟವರ ಮೈಗೆ ಹೋಗೋ ವಿಷ ಕಡಿಮೆ ಆಗುತ್ತೆ. ಕಡಿಮೆ ಅಂದ್ರೆ ಇಲ್ಲ ಅಂತಲ್ಲ. ಇಪ್ಪತ್ತು ವರ್ಷ ಎಳೆದ್ರೆ ಏನಾಗುತ್ತೆ ಅಂತ ಹೇಳೋಕೆ ಇದು ಬಂದೇ ಅಷ್ಟು ಕಾಲ ಆಗಿಲ್ಲ.”

ಮಜ್ಲಾನ್ ಇನ್ನೊಂದು ವಾದ ತೆಗೆದ. “ಹಣ್ಣಿನದ್ದು ನಿಲ್ಲಿಸಿದ್ರೆ ನನ್ನಂಥವರು ಮತ್ತೆ ಸಿಗರೇಟಿಗೇ ಹೋಗ್ತೀವಿ. ಇಲ್ಲಾಂದ್ರೆ ಕದ್ದು ಮಾರೋರು ಹುಟ್ಕೋತಾರೆ. ಆಗ ಅದರಲ್ಲಿ ಏನಿದೆ ಅಂತ ದೇವರಿಗೇ ಗೊತ್ತು.”

“ಎರಡೂ ಆಗಬಹುದು. ನಮ್ಮ ಡಾಕ್ಟರುಗಳೂ ಇದನ್ನೇ ಇಟ್ಕೊಂಡು ಜಗಳ ಆಡ್ತಾರೆ, ಇನ್ನೂ ಮುಗಿದಿಲ್ಲ. ಅದಕ್ಕೇ ಸಹಿಯ ಜೊತೆಗೆ ಬಿಡೋರಿಗೆ ಸಹಾಯಾನೂ ಬೇಕು ಅಂತ ಹೇಳ್ತಿರೋದು. ಆದ್ರೆ ಸಿಗರೇಟನ್ನೇ ಮುಟ್ಟದ ಮಗು ಒಂದು ದ್ರಾಕ್ಷಿ ವಾಸನೆ ಅಂತ ಶುರು ಮಾಡಿದ್ರೆ, ಅದಕ್ಕೆ ಯಾವ ವಿಷ ಕಡಿಮೆ ಆಯ್ತು ಹೇಳಿ?”

ಒಳಗೆ ಮಲಗಿದ್ದ ಸೆನಾಹ್ ಎದ್ದು ಬಂದು ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಮನಸ್ಸಲ್ಲಿ ನಿನ್ನೆಯಿಂದ ಒಂದು ಮಾತು ಕೊರೆಯುತ್ತಿತ್ತು. ಆಸ್ಪತ್ರೆಯ ಗಡಿಬಿಡಿಯಲ್ಲಿ ಕೇಳಲು ಆಗಿರಲಿಲ್ಲ.

“ಬಾಂಗ್, ಆ ಬಾಟಲೀಲಿ ಎಷ್ಟರದ್ದಿತ್ತು?”

“ಎಷ್ಟರದ್ದು ಅಂದ್ರೆ? ನನಗೇನು ಗೊತ್ತು. ಗಾಟಿರೋದು ಕೊಡಪ್ಪಾ ಅಂತೀನಿ, ಕೊಡ್ತಾನೆ.”

“ಅದು ಐವತ್ತರದ್ದು ಅಂತ ಸುಹೈಲಾ ಹೇಳಿದ್ಲು,” ಎಂದಳು ಸೆನಾಹ್. “ಬಾಟಲಿ ಮೇಲಿನ ಅಕ್ಷರ ಅಳಿಸಿ ಹೋಗಿದೆ. ನಿಮಗೇ ಗೊತ್ತಿಲ್ಲ. ಇವಳಿಗೆ ಹೇಗೆ ಗೊತ್ತು?”

ಸುಹೈಲಾ ಮೆಟ್ಟಿಲ ಮೇಲೆ ಕೂತು ಕಾಲಿನ ಗಾಯಕ್ಕೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು, ನಿನ್ನೆ ಬರಿಗಾಲಲ್ಲಿ ಹೋದಾಗ ಆದದ್ದು. ಪಟ್ಟಿ ಅಲ್ಲೇ ನಿಂತಿತು.

“ನಾನೂ ಎಳೀತೀನಿ ಮಾಕ್,” ಎಂದಳು. “ಏಳು ತಿಂಗಳಾಯ್ತು. ಮೊದಲು ಗೆಳತಿದು, ದ್ರಾಕ್ಷಿ. ಆಮೇಲೆ ಅವಳೇ ಹಳೇ ಯಂತ್ರ ಕೊಟ್ಲು. ದ್ರವ ಅಪ್ಪನ ಬಾಟಲಿಯಿಂದ ಹಾಕ್ಕೋತಿದ್ದೆ. ಅಂಗಡೀಲಿ ಇಂಥದ್ದೇ ನೋಡಿದ್ದೆ, ಐವತ್ತು ಅಂತ ಬರೆದಿತ್ತು.”

ಮಜ್ಲಾನ್ ಎದ್ದ ರಭಸಕ್ಕೆ ಕುರ್ಚಿ ಮಗುಚಿತು. ಕೈ ಎತ್ತಿಯೂ ಎತ್ತಿದ. ಸೆನಾಹ್ ನಡುವೆ ಬಂದು ನಿಂತಳು. “ಹೊಡೀರಿ. ಹೊಡೆದು ಏನಂತ ಕೇಳ್ತೀರಿ? ಬರೀ ಹಬೆ ಯಾಕೆ ಎಳೆದೆ ಅಂತಲಾ?” ಎಂದಳು. ಎತ್ತಿದ ಕೈ ಹಾಗೇ ಕೆಳಗಿಳಿಯಿತು.

“ಬಿಡೋಕೆ ಮೂರು ಸಲ ನೋಡಿದೆ,” ಎಂದಳು ಸುಹೈಲಾ, ಈಗ ಅಳುತ್ತಾ. “ಮೊದಲು ರುಚಿಗೆ ಅಂತ ಎಳೀತಿದ್ದೆ. ಈಗ ರುಚಿ ಗೊತ್ತೇ ಆಗಲ್ಲ. ಎಳೀದಿದ್ರೆ ಪಾಠ ತಲೆಗೆ ಹೋಗಲ್ಲ, ಎಲ್ಲರ ಮೇಲೂ ಸಿಟ್ಟು ಬರುತ್ತೆ. ಮೊನ್ನೆ ಮಿಸಿ ಬಂದಾಗ ಹೇಳೋಣ ಅಂದ್ಕೊಂಡೆ. ನಮ್ಮ ಹುಡುಗಿ ಅಂಥವಳಲ್ಲ ಅಂದ್ಬಿಟ್ಟೆ ನೀನು.”

ಸೆನಾಹ್ ಮಗಳ ಪಕ್ಕ ಮೆಟ್ಟಿಲ ಮೇಲೆ ಕೂತಳು. ಬಯ್ಯಲಿಲ್ಲ. ನಿನ್ನೆ ಈ ಕಾಲೇ ಸೈಕಲ್ ತುಳಿದು ಅಷ್ಟೂ ಮಕ್ಕಳನ್ನು ಉಳಿಸಿತ್ತು.

“ಇದು ಕೆಟ್ಟ ಹುಡುಗಿ ಆಗಿದ್ದಕ್ಕೆ ಬಂದಿದ್ದಲ್ಲ ಕಾಕ್,” ಎಂದಳು ಸಲ್ಬಿಯಾ. “ಈ ವಯಸ್ಸಲ್ಲಿ ಮೆದುಳು ಇನ್ನೂ ಬೆಳೀತಿರುತ್ತೆ. ನಿಕೋಟಿನ್ ಬೇಗ ಹಿಡಿಯುತ್ತೆ, ಬಿಡಿಸೋದು ಕಷ್ಟ. ಗಮನ, ನಿದ್ದೆ, ಮನಸ್ಸು ಎಲ್ಲದಕ್ಕೂ ಪೆಟ್ಟು. ಹದಿನೆಂಟು ತುಂಬದವರಿಗೆ ಮಾರಬಾರದು ಅಂತ ಕಾನೂನಿದೆ. ಆದ್ರೆ ಇವಳು ಅಂಗಡೀಲಿ ಕೊಂಡಿದ್ದೇ ಇಲ್ವಲ್ಲ. ಚಿಕಿತ್ಸಾಲಯಕ್ಕೆ ಕರ್ಕೊಂಡು ಬನ್ನಿ. ಬಿಡಿಸೋಕೆ ದಾರಿ ಇದೆ.”

ಮಜ್ಲಾನ್ ಕುರ್ಚಿ ಎತ್ತಿ ನಿಲ್ಲಿಸಿದ, ಕೂರಲಿಲ್ಲ. “ದೊಡ್ಡವರಿಗೂ ಪೆರಿಸಾ ಇಷ್ಟಾನೇ ಮಿಸಿ. ಮಕ್ಕಳಿಗೋಸ್ಕರಾನೇ ಹಾಕ್ತಾರೆ ಅಂತ ಹೇಗೆ ಹೇಳ್ತೀರಿ?” ಎಂದ. ಮಾತಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

ಅದಕ್ಕೆ ಉತ್ತರ ಕೊಟ್ಟವಳು ಮಿಸಿಯಲ್ಲ, ಸೆನಾಹ್.

“ನನ್ನ ಕೇಳಿ. ಇಪ್ಪತ್ತೆರಡು ವರ್ಷದಿಂದ ಪೆರಿಸಾ ಹಾಕ್ತಿದೀನಿ. ನಿಮ್ಮಂಥವರು ಹಾಕದಿದ್ರೂ ತಿಂತೀರಿ, ಹಸಿವಾದ್ರೆ ಸಾಕು. ಮಕ್ಕಳು ಹಾಗಲ್ಲ. ಗುಲಾಬಿ ವಾಸನೆ ಬಂದ್ರೇನೇ ಓಡಿ ಬರೋದು. ಬರೀ ಹಿಟ್ಟು ಕೊಟ್ರೆ ಉಗೀತಾವೆ. ಮೊದಲನೇ ತುತ್ತು ಒಳಗೆ ಹೋಗ್ಲಿ ಅಂತಾನೇ ಪೆರಿಸಾ ಹಾಕೋದು ಬಾಂಗ್. ಆ ಅಂಗಡಿಯವನಿಗೂ ಇದು ಗೊತ್ತು. ನಮ್ಮಿಬ್ಬರದೂ ಒಂದೇ ಕಸುಬು. ಅವನ ತುತ್ತಿನೊಳಗೆ ಏನಿದೆ ಅನ್ನೋದಷ್ಟೇ ಬೇರೆ.”

ಮಜ್ಲಾನ್ ಮಿಸಿಯ ಕೈಯಿಂದ ಕಾಗದ ತೆಗೆದುಕೊಂಡು ಸಹಿ ಹಾಕಿದ. “ಮಂಗಳವಾರ ನನಗೆ ರಜಾ. ಇಬ್ಬರೂ ಬರ್ತೀವಿ. ನನ್ನ ಹೆಸರು ಮೊದಲು ಬರ್ಕೊಳ್ಳಿ, ಇವಳದು ಆಮೇಲೆ,” ಎಂದ. ಜೇಬಿನಲ್ಲಿದ್ದುದನ್ನೂ ಮೇಜಿನ ಮೇಲಿಟ್ಟ.

ಬಿಡುವುದು ಹೇಳಿದಷ್ಟು ಸುಲಭವಾಗಲಿಲ್ಲ. ಮೊದಲ ಹದಿನೈದು ದಿನ ಅಪ್ಪ ಮಗಳು ಇಬ್ಬರೂ ಮುಟ್ಟಿದರೆ ಸಿಡಿಯುತ್ತಿದ್ದರು. ಸೆನಾಹ್ ಇಬ್ಬರ ನಡುವೆ ಶುಂಠಿ ಚಹಾ ಇಟ್ಟು ತಾನು ದೂರ ಹೋಗಿ ಕೂರುತ್ತಿದ್ದಳು. ಮೂರನೇ ವಾರ ಸುಹೈಲಾ ಶಾಲೆಯಲ್ಲಿ ಒಮ್ಮೆ ಎಳೆದಳು. ಸಂಜೆ ಬಂದು ತಾನಾಗೇ ಹೇಳಿದಳು. “ಎಡವಿದ್ದು ಎಡವಿದ್ದೇ, ನಾಳೆಯಿಂದ ಮತ್ತೆ ಲೆಕ್ಕ,” ಎಂದ ಮಜ್ಲಾನ್, ಅವನಿಗೂ ಆ ಕಷ್ಟ ಗೊತ್ತಿತ್ತು. ಇಬ್ಬರೂ ಅದನ್ನು ಮುಟ್ಟದೆ ಈಗ ಮೂರು ತಿಂಗಳಾಗಿದೆ.

ಇಮಾನ್ ಮನೆಗೆ ಹೋಗಲು ಸೆನಾಹ್‌ಗೆ ಆಸ್ಪತ್ರೆಯಿಂದ ಬಂದ ಮೇಲೆ ಒಂದು ವಾರ ಧೈರ್ಯ ಬಂದಿರಲಿಲ್ಲ. ಕೊನೆಗೆ ಪಾಂಡನ್ ಎಲೆಯ ಹಸಿರು ಕುಯಿ ಮಾಡಿಕೊಂಡು ಹೋದಳು, ಬಾಟಲಿ ಮುಟ್ಟದೆ ಎಲೆಯನ್ನೇ ಅರೆದು ರಸ ಹಿಂಡಿದ್ದು. ಇಮಾನ್ ತಾಯಿ ಒಳಗೆ ಕರೆದು ಚಾಪೆ ಹಾಸಿದಳು. ಯಾವಾಗಲೂ ಓಡಿ ಬಂದು ಡಬ್ಬಿಗೆ ಕೈ ಹಾಕುತ್ತಿದ್ದ ಮಗು ಈ ಸಲ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿತು.

“ಅದು ಖಾರ ಇದೆಯಾ?” ಎಂದು ಕೇಳಿತು.

ಸೆನಾಹ್ ಡಬ್ಬಿ ತೆರೆದಳು. ಒಂದು ಕುಯಿ ತೆಗೆದು ಮಗುವಿನ ಎದುರಿಗೆ ತಾನೇ ಪೂರ್ತಿ ತಿಂದಳು. ಮಗು ಅವಳ ಬಾಯನ್ನೇ ನೋಡುತ್ತಿತ್ತು. ನುಂಗಿದ ಮೇಲೂ ಸ್ವಲ್ಪ ಹೊತ್ತು ಕಾದು ನಿಂತಿತು. ಆಮೇಲೆ ಒಂದು ಕೈ ಬೆನ್ನ ಹಿಂದಿನಿಂದ ಮುಂದೆ ಬಂತು.

ಓದುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇದನ್ನು ಕೆಳಗಿಟ್ಟು ಒಮ್ಮೆ ನಿಮ್ಮ ಮನೆಯ ಹಲಗೆ ನೋಡಿ ಬನ್ನಿ. ವೇಪ್ ದ್ರವ ಇದ್ದರೆ ಇವತ್ತೇ ಅಡುಗೆಮನೆಯಿಂದ ತೆಗೆಯಿರಿ, ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿ. ಯಾರಾದರೂ ಅದನ್ನು ನುಂಗಿದರೆ ಗಾಳಿ ಹೊಕ್ಕಿದೆ ಎಂದು ಎಣ್ಣೆ ತಿಕ್ಕುತ್ತಾ ಕೂರಬೇಡಿ, ಬೆರಳು ಹಾಕಿ ವಾಂತಿಯನ್ನೂ ಮಾಡಿಸಬೇಡಿ. ಬಾಟಲಿಯ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಿ. ಮೈಮೇಲೆ ಚೆಲ್ಲಿದ್ದರೆ ನೀರು ಸುರಿದು ತೊಳೆಯಿರಿ. ನಿಮ್ಮ ಮಗುವಿನ ಚೀಲದಲ್ಲಿ ಹಣ್ಣಿಲ್ಲದೆ ಹಣ್ಣಿನ ವಾಸನೆ ಬಂದರೆ ಕೈ ಎತ್ತುವ ಮೊದಲು ಪಕ್ಕದಲ್ಲಿ ಕೂತು ಕೇಳಿ. ನಮ್ಮ ಮಗು ಅಂಥದ್ದಲ್ಲ ಎಂದು ಹೇಳಿ ಅದರ ಬಾಯಿ ಮುಚ್ಚಿಸಬೇಡಿ. ಬಿಡಬೇಕೆಂದಿರುವ ದೊಡ್ಡವರೂ ನಾಚಿಕೆ ಬಿಟ್ಟು ಹತ್ತಿರದ ಚಿಕಿತ್ಸಾಲಯಕ್ಕೆ ಹೋಗಿ, ಅಲ್ಲಿ ಸಹಾಯ ಕೇಳಿ.

ಇನ್ನು ಸಿಹಿ ವಾಸನೆಯ ವೇಪ್ ಇರಬೇಕೋ ಬೇಡವೋ ಎಂಬ ಚರ್ಚೆ ನಿಮ್ಮೂರಿಗೂ ಬಂದರೆ, ಎಲ್ಲರ ಮಾತೂ ಕೇಳಿ. ಕೇಳಿದ ಮೇಲೆ ಅಂಗಡಿಯವನಿಗೆ ಒಂದೇ ಪ್ರಶ್ನೆ ಹಾಕಿ: ಈ ಪೆರಿಸಾ ಯಾರು ಓಡಿ ಬರಲಿ ಅಂತ ಹಾಕಿದ್ದು?